ಡ್ಯಾಶ್‌ಬೋರ್ಡಿನ ಹಿಂದೆ ಉರಿದ ದೀಪ

ಐ.ಟಿ.ಐ. ಮೇಷ್ಟ್ರೊಬ್ಬರು ಮನೆಗೆ ಬಂದು, "ನಲವತ್ತು ವರ್ಷ ಗಾಡಿ ವೈರಿಂಗ್ ಮಾಡೀರಿ ನಾಗಣ್ಣ, ನಮ್ಮ ಹುಡುಗರಿಗೆ ನಾಲ್ಕು ಪುಟ ಬರ್ದು ಕೊಡ್ರಿ" ಎಂದು ಕೇಳಿ ಮೂರು ತಿಂಗಳಾಯಿತು. ಮೊದಲ ಸಲ ಕುಳಿತಾಗ ನಾಲ್ಕಲ್ಲ, ಎಂಟು ಪುಟ ಬರೆದುಬಿಟ್ಟೆ. ಮಾರನೆಯ ದಿನ ಓದಿ ನೋಡಿದರೆ ಎಂಟೂ ಪುಟದಲ್ಲಿ ನಾನೇ ಗೆದ್ದಿದ್ದೆ. ಬೇರೆಯವರು ಕೈಬಿಟ್ಟ ಗಾಡಿಗಳೆಲ್ಲ ನನ್ನ ಕೈಯಲ್ಲಿ ಜೀವ ಪಡೆದಿದ್ದವು. ನನಗೇ ಅಸಹ್ಯವಾಗಿ ಹರಿದು ಹಾಕಿದೆ. ಈಗ ಬರೆಯುತ್ತಿರುವುದು ಎರಡನೆಯ ಸಲದ್ದು. ಇದರಲ್ಲಿ ನಾನು ಗೆಲ್ಲುವುದಿಲ್ಲ.

ನಾನು ಕೆಲಸ ಕಲಿತದ್ದು ದಾವಣಗೆರೆಯಲ್ಲಿ, ಇಮಾಮ್ ಉಸ್ತಾದರ ಹತ್ತಿರ. ಐ.ಟಿ.ಐ. ಮುಗಿಸಿ ಸರ್ಟಿಫಿಕೇಟು ಹಿಡಿದುಕೊಂಡು ಹೋದವನಿಗೆ ಅವರು ಮೊದಲ ದಿನವೇ, "ಅದನ್ನ ಮನ್ಯಾಗ ಇಟ್ಟು ಬಾ, ಇಲ್ಲಿ ಗ್ರೀಸ್ ಹತ್ತುತೈತೆ" ಅಂದಿದ್ದರು. ಬೈಗುಳದಲ್ಲಿ ಧಾರಾಳಿ, ಹೊಗಳಿಕೆಯಲ್ಲಿ ಮಹಾ ಜಿಪುಣರು. ಯಾವ ಗಾಡಿ ಬಂದರೂ ಸ್ಪ್ಯಾನರ್ ಹಿಡಿಯುವ ಮೊದಲು ಕೀಲಿ ತಿರುಗಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಡ್ಯಾಶ್‌ಬೋರ್ಡಿನ ದೀಪಗಳನ್ನು ನೋಡಬೇಕು. ಇದು ಅವರ ಅಂಗಡಿಯ ಶಿಸ್ತು.

ಈ ದೀಪದ ಲೆಕ್ಕ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಳೆಯ ಪಿಕಪ್ಪುಗಳಲ್ಲಿ ಕೀಲಿ ತಿರುಗಿಸಿದ ಕೂಡಲೇ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹತ್ತುತ್ತದೆ. ಅದಕ್ಕೆ ಒಂದು ಕಡೆಯಿಂದ ಕೀಲಿಯ ಕರೆಂಟು, ಇನ್ನೊಂದು ಕಡೆಯಲ್ಲಿ, ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿಗೆ ಹೋಗುವ ಒಂದು ತೆಳ್ಳನೆಯ ವೈರು. ಎಂಜಿನ್ ನಿಂತಿರುವಾಗ ಕರೆಂಟು ದೀಪದ ಮೂಲಕ ಹಾದು ಆಲ್ಟರ್ನೇಟರನ್ನು ಎಬ್ಬಿಸುತ್ತದೆ. ಎಂಜಿನ್ ಶುರುವಾಗಿ ಆಲ್ಟರ್ನೇಟರ್ ತಾನೇ ಕರೆಂಟು ಹುಟ್ಟಿಸತೊಡಗಿದರೆ ಎರಡೂ ಕಡೆ ಸಮವಾಗಿ ದೀಪ ಆರಿಹೋಗುತ್ತದೆ. ಓಡುವಾಗ ಹತ್ತಿತೋ, ಚಾರ್ಜಿಂಗ್ ನಿಂತಿದೆ ಎಂದೇ ಅರ್ಥ. ಮಂದವಾಗಿ ಮಿಣುಕಿದರೂ ಆಲ್ಟರ್ನೇಟರಿನ ಒಳಗೋ ವೈರಿನಲ್ಲೋ ಏನೋ ಶುರುವಾಗಿದೆ ಎಂದು ತಿಳಿಯಬೇಕು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಹದಡಿಯ ರೈತರೊಬ್ಬರ ಪಿಕಪ್ ಬಂತು. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅಂದರು. ಉಸ್ತಾದರು ನಮಾಜಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ನನ್ನ ಪ್ರತಾಪ ತೋರಿಸಬೇಕೆಂದು ಆಲ್ಟರ್ನೇಟರ್ ಇಳಿಸಿ ಬಿಚ್ಚಿ ಹರಡಿದೆ. ಒಳಗೆ ಎಲ್ಲ ಸರಿಯಾಗಿತ್ತು. ಮತ್ತೆ ಕೂಡಿಸಿ ಕಟ್ಟಿದರೂ ಚಾರ್ಜಿಂಗ್ ಇಲ್ಲ. ಉಸ್ತಾದರು ಬಂದವರು ಕೀಲಿ ತಿರುಗಿಸಿ ಕೈ ಹಿಂದೆ ಕಟ್ಟಿ ನಿಂತರು. ಬ್ಯಾಟರಿ ದೀಪ ಹತ್ತಲೇ ಇಲ್ಲ. ಕಡಲೆಕಾಳಿನಷ್ಟು ದೊಡ್ಡ ಬಲ್ಬ್ ಸುಟ್ಟುಹೋಗಿತ್ತು, ಹಾಗಾಗಿ ಆಲ್ಟರ್ನೇಟರ್ ಎದ್ದಿರಲಿಲ್ಲ. ಉಸ್ತಾದರು ಆ ಬಲ್ಬನ್ನು ನನ್ನ ಅಂಗೈಯಲ್ಲಿಟ್ಟು, "ಹೋಗು, ಗೌಡ್ರಿಗೆ ನೀನೇ ಹೇಳು. ಏನು ಮಾಡಿದೆ, ಏನು ನೋಡ್ಲಿಲ್ಲ, ಎರಡೂ ಹೇಳು" ಅಂದರು. ಅದೂ ಅವರ ಅಂಗಡಿಯ ಪದ್ಧತಿಯೇ. ತಪ್ಪು ಯಾರ ಕೈಯಿಂದ ಆಯಿತೋ ಅವರೇ ಗಿರಾಕಿಯ ಎದುರು ನಿಂತು ಹೇಳಬೇಕು. ಬಲ್ಬ್ ತೋರಿಸಿ ಎರಡೂ ಹೇಳಿದೆ. ಗೌಡರು ನಕ್ಕುಬಿಟ್ಟರು.

ಹನ್ನೆರಡು ವರ್ಷ ಅಲ್ಲಿದ್ದು, ಹರಿಹರದಲ್ಲಿ ಹೆದ್ದಾರಿ ಪಕ್ಕ ನನ್ನದೇ ಅಂಗಡಿ ಹಾಕಿದೆ. ಉಸ್ತಾದರಿಂದ ಕಲಿತ ಕೆಲಸವೆಲ್ಲ ಜೊತೆಗೆ ಬಂತು, ಆ ಪದ್ಧತಿ ಮಾತ್ರ ಬರಲಿಲ್ಲ. ಸ್ವಂತ ಅಂಗಡಿಯಾದ ಮೇಲೆ ಹೋಗಿ ಹೇಳು ಎನ್ನುವವರು ಯಾರು?

ಇನ್ನೊಂದು ಬದಲಾವಣೆಯೂ ಆಯಿತು. ಉಸ್ತಾದರು ಕೊನೆಯವರೆಗೂ ಒಂದು ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪಿನಲ್ಲೇ ಕೆಲಸ ಮಾಡಿದರು. ನನ್ನ ಕೈಗೆ ಡಿಜಿಟಲ್ ಮೀಟರ್ ಬಂತು. ಅಂಕಿ ತೋರಿಸುವ ಯಂತ್ರ ಕೈಯಲ್ಲಿದ್ದರೆ ಗಿರಾಕಿ ಬಾಯಿ ಮುಚ್ಚುತ್ತಾನೆ ಎಂಬುದನ್ನು ಬೇಗ ಕಲಿತೆ. ಆ ಅಂಕಿ ಗಿರಾಕಿಯ ಬಾಯನ್ನಷ್ಟೇ ಅಲ್ಲ, ನನ್ನ ಕಣ್ಣನ್ನೂ ಮುಚ್ಚುತ್ತದೆ ಎಂಬುದು ಗೊತ್ತಾಗುವಾಗ ತಡವಾಗಿತ್ತು. ಹುಡುಗರೇ, ನಿಮ್ಮ ಕೈಗೆ ಈಗ ಗಾಡಿಯ ದೋಷ ತೋರಿಸುವ ಸ್ಕ್ಯಾನರ್ ಬಂದಿದೆ. ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ, ಮುಂದಿನದನ್ನು ಓದಿ ನೀವೇ ತಿಳಿದುಕೊಳ್ಳಿ.

ಹರಿಹರದ ಹತ್ತಿರ ಸಾರಥಿ ಎಂಬ ಊರಿನಲ್ಲಿ ಹಾಲೇಶಪ್ಪ ಎಂಬ ಡ್ರೈವರ್ ಇದ್ದರು. ದಾವಣಗೆರೆಯ ಮಂಡಕ್ಕಿ ವ್ಯಾಪಾರಿ ಸಿದ್ಧಲಿಂಗಪ್ಪ ಸಾಹುಕಾರರ ಪಿಕಪ್ಪನ್ನು ಹದಿನೈದು ವರ್ಷ ಓಡಿಸಿದವರು. ಭಟ್ಟಿಯಿಂದ ಮಂಡಕ್ಕಿ ಚೀಲ ತುಂಬಿಕೊಂಡು ಹರಿಹರ, ಮಲೆಬೆನ್ನೂರು ಸಂತೆಗಳಿಗೆ ಹಾಕಿ ಬರುವುದು ಅವರ ಕೆಲಸ. ಗಾಡಿ ಹಳೆಯದು, ಆದರೆ ಅವರು ಇಟ್ಟುಕೊಂಡ ರೀತಿಗೆ ಹೊಸ ಗಾಡಿಯವರು ನಾಚಬೇಕು. ಎಂಜಿನ್ ಸದ್ದಿನಲ್ಲಿ ಸಾಸಿವೆಯಷ್ಟು ವ್ಯತ್ಯಾಸವಾದರೂ ನನ್ನ ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದರು. ನಾನು, "ಏನ್ರಿ ಹಾಲೇಶಪ್ಪ, ಗಾಡಿ ಸೀನಿತಾ?" ಎಂದು ಕಾಲೆಳೆಯುತ್ತಿದ್ದೆ.

ಹನ್ನೆರಡು ವರ್ಷದ ಹಿಂದೆ, ಮದುವೆ ಸುಗ್ಗಿಯ ಕಾಲ. ಅಂಗಡಿ ಮುಂದೆ ಆರು ಗಾಡಿ ನಿಂತಿದ್ದವು. ಹಾಲೇಶಪ್ಪ ಬಂದು, "ನಾಗಣ್ಣ, ಬ್ಯಾಟರಿ ಲೈಟು ಪೂರಾ ಆರ್ತಿಲ್ರಿ. ಸ್ವಲ್ಪ ಸ್ವಲ್ಪ ಮಿಣಕ್ ಅಂತೈತೆ" ಅಂದರು.

ಹಗಲು ಬೆಳಕಿನಲ್ಲಿ ಕೈ ಅಡ್ಡ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು ಮಂದವಾಗಿತ್ತು. ಅಷ್ಟನ್ನು ಅವರು ಗುರುತಿಸಿದ್ದರು. ಬ್ಯಾಟರಿಗೆ ಮೀಟರ್ ಹಚ್ಚಿದೆ, ಹದಿಮೂರೂ ಮುಕ್ಕಾಲು ವೋಲ್ಟ್ ತೋರಿಸಿತು. "ಚಾರ್ಜಿಂಗ್ ಸರಿ ಐತೆ, ಲೈಟ್ ವೈರಿಂದೇ ಏನೋ ಕಿರಿಕಿರಿ" ಎಂದು ತೀರ್ಪು ಕೊಟ್ಟೆ. ಆಲ್ಟರ್ನೇಟರ್ ಇಳಿಸಿ, ಬ್ಯಾಟರಿಗೆ ಹೊಂದುವಂತೆ ಕರೆಂಟು ತಿದ್ದಿ ಕಳಿಸುವ ಒಳಗಿನ ಡಯೋಡ್ ಪ್ಲೇಟ್ ನೋಡಬೇಕಿತ್ತು, ಅರ್ಧ ದಿನದ ಕೆಲಸ. ಅಷ್ಟರಲ್ಲಿ ಸಾಹುಕಾರರ ಫೋನು, "ಲೋಡ್ ಕಾಯ್ತಾ ಐತೆ, ಲಗೂನ ಬಿಡ್ರಿ." ಹಾಲೇಶಪ್ಪನವರನ್ನು ಚಹಾ ಕುಡಿದು ಬರ್ರಿ ಎಂದು ಕಳಿಸಿದೆ.

ಆಗ ಮಾಡಿದ ಕೆಲಸವನ್ನು ಹನ್ನೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ಬ್ಯಾಟರಿ ದೀಪಕ್ಕೆ ಆಲ್ಟರ್ನೇಟರಿಂದ ಬರುವ ವೈರನ್ನು ಕತ್ತರಿಸಿದೆ. ಆ ದೀಪವನ್ನು ಪಕ್ಕದ ಆಯಿಲ್ ದೀಪದ ವೈರಿಗೆ ಜೋಡಿಸಿದೆ. ಕೀಲಿ ತಿರುಗಿಸಿದರೆ ಎರಡೂ ಹತ್ತುತ್ತವೆ, ಎಂಜಿನ್ ಶುರುವಾಗಿ ಆಯಿಲ್ ಒತ್ತಡ ಬಂದ ಕೂಡಲೇ ಎರಡೂ ಒಟ್ಟಿಗೇ ಆರುತ್ತವೆ. ನೋಡುವವರಿಗೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಆದರೆ ಆಲ್ಟರ್ನೇಟರನ್ನು ಎಬ್ಬಿಸಲು ಯಾವುದಾದರೂ ಬಲ್ಬ್ ಬೇಕಲ್ಲ? ಅದಕ್ಕೆ ಇನ್ನೊಂದು ಬಲ್ಬನ್ನು ಡ್ಯಾಶ್‌ಬೋರ್ಡಿನ ಹಿಂದೆ, ಟೇಪು ಸುತ್ತಿ, ವೈರುಗಳ ನಡುವೆ ತುರುಕಿದೆ. ನಿಜ ಹೇಳುವ ದೀಪ ಹಿಂದೆ, ನಾಟಕದ ದೀಪ ಮುಂದೆ. ಹಾಲೇಶಪ್ಪ ಬಂದು ಕೀಲಿ ತಿರುಗಿಸಿ, ಎಂಜಿನ್ ಶುರು ಮಾಡಿ, ಕೈ ಅಡ್ಡ ಹಿಡಿದು ನೋಡಿ, "ಈಗ ಪೂರಾ ಆರ್ತು ನೋಡ್ರಿ!" ಎಂದು ಖುಷಿಪಟ್ಟರು. ನನಗೂ ಖುಷಿಯಾಯಿತು. ನಾಚಿಕೆ ಎಂಬುದು ಆಗ ಹತ್ತಿರವೂ ಸುಳಿಯಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಕೆಲಸ ಚುರುಕಾಗಿ ಮುಗಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಜೋರು ಮಳೆ. ಹಾಲೇಶಪ್ಪ ಮಂಡಕ್ಕಿ ತುಂಬಿಕೊಂಡು ಮಲೆಬೆನ್ನೂರಿಗೆ ಹೊರಟಿದ್ದರು. ಹೆಡ್‌ಲೈಟು, ವೈಪರು ಎರಡೂ ಹಾಕಿದ್ದರಂತೆ. ದಾರಿಯಲ್ಲಿ ವೈಪರು ನಿಧಾನವಾಯಿತು, ಮತ್ತೆ ನಿಂತೇಹೋಯಿತು. ಆ ಗಾಡಿಯಲ್ಲಿ ಎಂಜಿನ್ನಿಗೆ ಡೀಸೆಲ್ ಬಿಡುವುದಕ್ಕೂ ಕರೆಂಟು ಬೇಕು, ಬ್ಯಾಟರಿ ಬರಿದಾಗಿ ಎಂಜಿನ್ನೂ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತು, ಅದರ ಮೂಲೆ ತಾಗಿ ತಾಡಪಾಲು ಹರಿಯಿತು. ಹಾಲೇಶಪ್ಪ ಮಳೆಯಲ್ಲಿ ನಿಂತು, ಒಂದು ಲೋಡ್ ಮಂಡಕ್ಕಿ ತೊಯ್ದು ಮುದ್ದೆಯಾಗುವುದನ್ನು ನೋಡಿದರು. ಸಂಜೆಗೆ ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ನನ್ನ ಅಂಗಡಿಗೆ ತಂದು ಬಿಟ್ಟು, ಒದ್ದೆ ಬಟ್ಟೆಯಲ್ಲೇ ಊರಿಗೆ ಹೋದರು.

ಮರುದಿನ ಬೆಳಿಗ್ಗೆ ಬೇರೆ ಬ್ಯಾಟರಿ ಕಟ್ಟಿ ಎಂಜಿನ್ ಶುರು ಮಾಡಿ ಡ್ಯಾಶ್‌ಬೋರ್ಡ್ ಬಿಚ್ಚಿದೆ. ಮುಂದಿನ ದೀಪ ಆರಿತ್ತು. ಹಿಂದೆ ನಾನು ತುರುಕಿದ ಬಲ್ಬ್ ಉರಿಯುತ್ತಿತ್ತು, ಸುತ್ತಿದ ಟೇಪು ಕಾದು ಕರಕಲಾಗಿತ್ತು. ಡಯೋಡ್ ಪ್ಲೇಟ್ ಪೂರ್ತಿ ಕೆಟ್ಟಿತ್ತು. ಎರಡು ತಿಂಗಳ ಹಿಂದೆ ಆ ಮಂದ ಬೆಳಕು ಹೇಳಿದ್ದು ಇದನ್ನೇ. ಅಷ್ಟರಲ್ಲಿ ಫೋನು. ಸಾಹುಕಾರರು ಹಾಲೇಶಪ್ಪನವರನ್ನು ಕರೆದುಕೊಂಡು ಅಂಗಡಿಗೆ ಬರುತ್ತಿದ್ದಾರೆ, ಹರಿಹರ ಮುಟ್ಟಿದ್ದಾರೆ.

ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷದಲ್ಲಿ ನಾನು ಜೀವಮಾನದಲ್ಲೇ ಅಚ್ಚುಕಟ್ಟಾದ ವೈರಿಂಗ್ ಮಾಡಿದೆ. ಬಚ್ಚಿಟ್ಟ ಬಲ್ಬ್ ಕಿತ್ತು ಜೇಬಿಗೆ ಹಾಕಿದೆ. ದೀಪದ ವೈರನ್ನು ಮೊದಲು ಹೇಗಿತ್ತೋ ಹಾಗೆ ಜೋಡಿಸಿ, ಬೆಸುಗೆ ಹಾಕಿ, ಹೊಸದೆಂದು ಗೊತ್ತಾಗದಂತೆ ಧೂಳು ಸವರಿದೆ. ಡಯೋಡ್ ಪ್ಲೇಟ್ ಮಾತ್ರ ಮುಟ್ಟಲಿಲ್ಲ.

ಸಾಹುಕಾರರು ಬಂದವರೇ, "ನಾಗಣ್ಣ, ಇವನು ಲೈಟೇ ಬರ್ಲಿಲ್ಲ ಅಂತಾನೆ. ನೋಡಿ ಹೇಳ್ರಿ" ಅಂದರು.

ನಾನು ಕೀಲಿ ತಿರುಗಿಸಿದೆ, ದೀಪ ಹತ್ತಿತು. ಎಂಜಿನ್ ಶುರು ಮಾಡಿದೆ. ಆಲ್ಟರ್ನೇಟರ್ ಸತ್ತಿತ್ತಲ್ಲ, ದೀಪ ಕೆಂಪಗೆ ಉರಿಯುತ್ತಲೇ ಇತ್ತು.

"ಇಷ್ಟು ದೊಡ್ಡದಾಗಿ ಉರಿತೈತೆ, ಕಾಣ್ಲಿಲ್ಲೇನೋ ಹಾಲೇಶ?" ಸಾಹುಕಾರರ ದನಿಗೆ ಬೀದಿಯವರು ತಿರುಗಿ ನೋಡಿದರು.

ಹಾಲೇಶಪ್ಪ ಬಾಗಿ ದೀಪ ನೋಡಿದರು. ಹೆಗಲ ಮೇಲಿನ ಟವಲಿನಿಂದ ಗಾಜು ಒರೆಸಿ ಮತ್ತೆ ನೋಡಿದರು. "ಇಲ್ರಿ ಸಾಹುಕಾರ್ರೆ, ದೇವ್ರಾಣಿ, ನಿನ್ನೆ ಇದು ಉರೀಲಿಲ್ರಿ" ಅಂದವರು ನನ್ನ ಕಡೆ ತಿರುಗಿ, "ನಾಗಣ್ಣ, ನೀವೇ ಹೇಳ್ರಿ" ಅಂದರು.

ಜೇಬಿನಲ್ಲಿ ಬಲ್ಬ್ ಇತ್ತು. ಸಾಹುಕಾರರ ಮೂರು ಗಾಡಿ, ಅವರ ಅಣ್ಣತಮ್ಮಂದಿರ ನಾಲ್ಕು ಗಾಡಿ ನನ್ನ ಅಂಗಡಿಗೇ ಬರುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ನಾಗಣ್ಣನ ಕೈಯಿಟ್ಟ ವೈರಿಂಗ್ ತಪ್ಪುವುದಿಲ್ಲ ಎಂಬ ಹೆಸರಿತ್ತು. "ಲೈಟ್ ಸರಿ ಐತ್ರಿ" ಅಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹಾಲೇಶಪ್ಪನವರ ಮುಖ ನೋಡಲಾಗದೆ, ಅವರಿಗೆ ಸಹಾಯ ಮಾಡುವವನಂತೆ ಇನ್ನೂ ಒಂದು ಮಾತು ಸೇರಿಸಿದೆ. "ಬೈಬ್ಯಾಡ್ರಿ ಸಾಹುಕಾರ್ರೆ. ಐವತ್ತರ ಮ್ಯಾಲೆ ಎಲ್ರಿಗೂ ಕಣ್ಣು ಹಿಂಗೇ. ಮಳ್ಯಾಗ ಕಂಡಿರಲಿಕ್ಕಿಲ್ಲ."

ಹಾಲೇಶಪ್ಪ ವಾದ ಮಾಡಲಿಲ್ಲ. ನನ್ನನ್ನು ನೋಡಿದರು, ದೀಪವನ್ನು ನೋಡಿದರು. "ನೀವು ಹೇಳ್ತೀರಿ ಅಂದ್ರೆ ಹಂಗೇ ಇರ್ಬೇಕು" ಅಂದರು. ಸಾಹುಕಾರರು, "ಇನ್ಮ್ಯಾಲೆ ನನ್ನ ಗಾಡಿ ಮುಟ್ಟಬ್ಯಾಡ" ಅಂದಾಗ ಗಾಡಿಯೊಳಗಿನ ತನ್ನ ಊಟದ ಡಬ್ಬಿ, ಒಂದು ಜೊತೆ ಚಪ್ಪಲಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದರು. ನಾನು ಆ ಮಧ್ಯಾಹ್ನವೇ ಡಯೋಡ್ ಪ್ಲೇಟ್ ಬದಲಿಸಿದೆ.

ಆಮೇಲೂ ಹತ್ತು ವರ್ಷ ಅಂಗಡಿ ನಡೆಸಿದೆ. ಹಾಲೇಶಪ್ಪ ಎಲ್ಲಿಯೂ ಡ್ರೈವರ್ ಆಗಿ ಸೇರಲಿಲ್ಲ, ಊರಲ್ಲೇ ಹಿಟ್ಟಿನ ಗಿರಣಿ ನೋಡಿಕೊಂಡಿದ್ದಾರೆ ಎಂದು ಕೇಳಿದ್ದೆ. ಸಾಹುಕಾರರು ಹೆಸರು ಕೆಡಿಸಿದ್ದರಿಂದ ಯಾರೂ ಕರೆದಿರಲಿಕ್ಕಿಲ್ಲ ಅಂದುಕೊಂಡೆ. ಎರಡು ಸಲ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಆರಾಮದೀರಾ ನಾಗಣ್ಣ?" ಎಂದು ಅವರೇ ಮಾತಾಡಿಸಿದರು. ಹರಿದು ಹಾಕಿದೆನಲ್ಲ, ಆ ಎಂಟು ಪುಟದಲ್ಲಿ ಈ ಸಂಗತಿಯೂ ಇತ್ತು. ಆದರೆ ತಪ್ಪು ಮಾಡಿದ ಮೆಕ್ಯಾನಿಕ್ ಬೇರೆಯವನಾಗಿದ್ದ, ಅದನ್ನು ಕಂಡುಹಿಡಿದವನು ನಾನಾಗಿದ್ದೆ. ಬರೆಯುವಾಗಲೂ ಸುಳ್ಳು ಹೇಳಿದೆನಲ್ಲ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. ಪುಟ ಹರಿದ ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಸಾರಥಿಗೆ ಹೋದೆ.

ಗಿರಣಿಯಲ್ಲಿ ಜೋಳ ಬೀಸುತ್ತಿತ್ತು. ಮೂರ್ನಾಲ್ಕು ಹೆಂಗಸರು ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ಹಾಲೇಶಪ್ಪನವರ ಹುಬ್ಬಿನವರೆಗೂ ಹಿಟ್ಟು. ನನ್ನನ್ನು ಕಂಡು, "ಬರ್ರಿ ಬರ್ರಿ, ಕೂಡ್ರಿ" ಎಂದು ಸ್ಟೂಲು ಒರೆಸಿದರು. ನಾನು ಕೂರಲಿಲ್ಲ. ಗಿರಣಿಯ ಸದ್ದಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಅವರು ಕಿವಿ ಹತ್ತಿರ ತಂದರು, ಮತ್ತೆ ಏನನ್ನಿಸಿತೋ ಹೋಗಿ ಗಿರಣಿಯನ್ನೇ ನಿಲ್ಲಿಸಿ ಬಂದರು. ಆ ಸದ್ದಿಲ್ಲದ ಜಾಗದಲ್ಲಿ ಎಲ್ಲ ಹೇಳಿದೆ. ವೈರು ಕತ್ತರಿಸಿದ್ದು, ಬಲ್ಬ್ ಬಚ್ಚಿಟ್ಟಿದ್ದು, ಹತ್ತು ನಿಮಿಷದ ಬೆಸುಗೆ, ಕಣ್ಣಿನ ಮಾತು.

ಅವರು ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತಿದ್ದೆ.

"ಹಂಗಾದ್ರೆ ಅವತ್ತು ಲೈಟ್ ಉರೀಲೇ ಇಲ್ಲೇನ್ರಿ?"

"ಇಲ್ಲ."

"ನಾ ನೋಡಿದ್ದು ಖರೇನಾ?"

"ಖರೇನ್ರಿ ಹಾಲೇಶಪ್ಪ. ನೀವು ನೋಡಿದ್ದೇ ಖರೆ."

ಅವರು ಸ್ಟೂಲಿನ ಮೇಲೆ ತಾವೇ ಕುಳಿತುಬಿಟ್ಟರು. "ದಾವಣಗೆರಿಗೆ ಹೋಗಿ ಮೂರು ಸಲ ಕಣ್ಣು ತೋರ್ಸಿದೆ ನಾಗಣ್ಣ. ಡಾಕ್ಟ್ರು ದೂರದ್ದು ಚೆನ್ನಾಗೈತೆ ಅಂದ್ರು. ನಂಗೆ ನಂಬಿಕಿ ಬರ್ಲಿಲ್ಲ. ಡಾಕ್ಟ್ರಿಗೆ ಗಾಡಿ ಏನು ಗೊತ್ತು, ನಾಗಣ್ಣ ಹೇಳ್ಯಾನಲ್ಲ ಅಂದ್ಕೊಂಡೆ. ಇಬ್ರು ಸಾಹುಕಾರ್ರು ಮನಿಗೇ ಬಂದು ಗಾಡಿಗೆ ಕರದ್ರು. ಒಲ್ಲೆ ಅಂದೆ. ಯಾರಾದ್ರೂ ಮಕ್ಳು ಅಡ್ಡ ಬಂದು ಕಾಣ್ಲಿಲ್ಲ ಅಂದ್ರೆ ಏನ್ ಗತಿ? ಲೈಸೆನ್ಸು ಹಂಗೇ ಮುಗ್ದುಹೋತು."

ಯಾರೂ ಕರೆದಿರಲಿಕ್ಕಿಲ್ಲ ಎಂದು ನಾನು ಹನ್ನೆರಡು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಕೆಲಸ ತಪ್ಪಿಸಿದ್ದು ಸಾಹುಕಾರರ ಬೈಗುಳವಲ್ಲ, ನನ್ನ ಆ ಒಳ್ಳೆಯ ಮಾತು.

ಅವರು ಎದ್ದು ಮನೆಯ ಕಡೆ ಕೂಗಿದರು. "ಏ, ಇಲ್ ಬಾ! ನನ್ನ ಕಣ್ಣು ಸರಿ ಇದ್ವಂತೆ!" ಹೆಂಡತಿ ಗಂಗಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ಇನ್ನೊಂದ್ಸಲ ಹೇಳ್ರಿ ನಾಗಣ್ಣ, ಇವಳ ಮುಂದೆ ಹೇಳ್ರಿ." ನಾನು ಮತ್ತೆ ಮೊದಲಿಂದ ಹೇಳಿದೆ. ಡಬ್ಬಿ ಹಿಡಿದ ಹೆಂಗಸರೂ ಕೇಳಿದರು. ಹಾಲೇಶಪ್ಪನವರಿಗೆ ಸೇಡಿನ ಯೋಚನೆಯೇ ಇರಲಿಲ್ಲ, ಒಳ್ಳೆಯ ಸುದ್ದಿ ತಂದವನ ಹಾಗೆ ನನ್ನನ್ನು ನೋಡುತ್ತಿದ್ದರು. ಗಂಗಮ್ಮ ಮಾತ್ರ ಕೊನೆಯವರೆಗೂ ಕೇಳಿ, "ನಮ್ಮನಿಯವ್ರು ನಿಮ್ಮನ್ನ ದೊಡ್ಡ ಮನುಷ್ಯ ಅಂತಿದ್ರು" ಎಂದಷ್ಟೇ ಹೇಳಿ ಒಳಗೆ ಹೋದರು. ನೀರು ಬೇಕೇ ಎಂದು ಕೇಳಲಿಲ್ಲ.

ಅಲ್ಲಿಂದಲೇ ಸಿದ್ಧಲಿಂಗಪ್ಪನವರಿಗೆ ಫೋನು ಮಾಡಿದೆ. ಮೂರನೆಯ ಸಲ ಹೇಳಿದೆ. ಪೂರ್ತಿ ಕೇಳಿದ ಸಾಹುಕಾರರು, "ಹಾಲೇಶ ಅಲ್ಲೇ ಅದಾನಾ? ಕರ್ಕೊಂಡು ಬಾ. ನಾನೂ ಅವನ ಮುಂದೆ ಒಂದು ಮಾತು ಹೇಳ್ಬೇಕು" ಅಂದರು. ಇಷ್ಟು ವರ್ಷ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಆವತ್ತು ಏಕವಚನಕ್ಕೆ ಇಳಿದಿದ್ದರು. ನ್ಯಾಯವಾಗಿಯೇ ಇತ್ತು.

ಹಾಲೇಶಪ್ಪ ಮುಖ ತೊಳೆದು, ಬಿಳಿ ಅಂಗಿ ಹಾಕಿಕೊಂಡು ಬಂದರು. ಸ್ಕೂಟರಿನ ಹತ್ತಿರ ನಿಂತು ಕೈ ಚಾಚಿದರು. "ಕೀಲಿ ಕೊಡ್ರಿ. ನಾ ಓಡಿಸ್ತೀನಿ."

ಲೈಸೆನ್ಸಿನ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಅವರಿಗೆ ಕಾನೂನು ಹೇಳುವ ಮುಖ ನನ್ನದಾಗಿರಲಿಲ್ಲ. ಕೀಲಿ ಕೊಟ್ಟು ಹಿಂದೆ ಕುಳಿತೆ. ಊರು ದಾಟುವವರೆಗೆ ನಿಧಾನ ಓಡಿಸಿದರು. ರಸ್ತೆಗೆ ಬಂದ ಮೇಲೆ ಬೆನ್ನು ನೆಟ್ಟಗಾಯಿತು.

"ಅಗೋ ಅಲ್ನೋಡ್ರಿ, ದೂರದಾಗ ಬೋರ್ಡು. ಹರಿಹರ ಆರು ಕಿಲೋಮೀಟ್ರು. ಸರಿ ಐತಾ?"

"ಸರಿ ಐತ್ರಿ."

"ಆ ಗದ್ದ್ಯಾಗ ಬೆಳ್ಳಕ್ಕಿ. ಏಳು. ಅಲ್ಲ, ಎಂಟು. ಹೌದಾ?"

"ಹೌದ್ರಿ."

ಹರಿಹರ ದಾಟಿ ದಾವಣಗೆರೆ ಮುಟ್ಟುವವರೆಗೂ ಅವರು ಕಂಡ ಬೋರ್ಡು, ಅಂಗಡಿ ಹೆಸರು, ಬಸ್ಸಿನ ಊರು ಒಂದನ್ನೂ ಬಿಡದೆ ಗಟ್ಟಿಯಾಗಿ ಓದಿದರು. ಒಂದೂ ತಪ್ಪಲಿಲ್ಲ. ಆದರೂ ಪ್ರತಿಯೊಂದನ್ನು ಓದಿದ ಮೇಲೂ ತಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಸರಿ ಐತಾ ಎಂದು ನನ್ನನ್ನೇ ಕೇಳಿದರು.